ಚಿಲಕವಿಲ್ಲದ ಮನೆ

ಹಾಡಲು ಬರದವರು ಅಂಬತ್ತೂರಿನ ನಮ್ಮ ಮನೆಗೆ ಸ್ನಾನ ಮುಗಿಸಿಕೊಂಡೇ ಬರುವುದು ಒಳ್ಳೆಯದು! ಕಾರಣ, ಅಮ್ಮನ ಸೋದರಮಾವ. ನಮಗೆಲ್ಲ ಬರೀ ‘ಮಾವ’. ಮನೆಯ ಒಂದು ಬಾಗಿಲಿಗೂ ಅವರು ಚಿಲಕ ಉಳಿಸಿಲ್ಲ. ಬಚ್ಚಲಲ್ಲಿರುವವರು ಹಾಡುತ್ತಲೇ ಇರಬೇಕು. ಹಾಡು ನಿಂತಿತೋ, ಮಾವ ಬಾಗಿಲು ತಳ್ಳಿ ಒಳಗೆ!

ಅಕ್ಕನನ್ನು ನೋಡಲು ಬಂದಿದ್ದ ವರನ ತಂದೆಗೆ ಹಾಡು ಬಾರದು. ಪಾಪ, ಒಳಗೆ ಕೂತು ಮಗ್ಗಿ ಹೇಳತೊಡಗಿದರು. ಹದಿನೇಳರ ಮಗ್ಗಿಯಲ್ಲಿ ತಡವರಿಸಿದರು. ಮುಂದಿನದನ್ನು ಹೇಳಬೇಕೇ? ಸಂಬಂಧ ಮುರಿಯಿತು. “ಮಗ್ಗಿ ಬಾರದ ಮನೆ ನನಗೂ ಬೇಡ,” ಎಂದಳು ಅಕ್ಕ.

ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸುವ ನಾನು ಬಿಡುತ್ತೇನೆಯೇ? “ಬಾಗಿಲು ಹಾಕಿದ್ದರಿಂದ ಸತ್ತವರು ಯಾರಿದ್ದಾರೆ ಮಾವ? ಒಬ್ಬರ ಹೆಸರು ಹೇಳಿ ನೋಡೋಣ!”

ಮಾವ ಹೆಸರು ಹೇಳಿಬಿಟ್ಟರು.

ಯುದ್ಧಕಾಲದಲ್ಲಿ ಅವರು ಡೆಸ್ಟ್ರಾಯರ್ ಹಡಗೊಂದರ ನಾವಿಕ. ಶತ್ರುವಿನ ಏಟಿಗೆ ಕೆಳಗಿನ ಕೋಣೆಗೆ ನೀರು ನುಗ್ಗಿತು. ಕಬ್ಬಿಣದ ಬಾಗಿಲು ಹಾಕದಿದ್ದರೆ ಹಡಗೇ ಮುಳುಗುತ್ತಿತ್ತು. ಆಜ್ಞೆ ಬಂತು, ಮಾವ ಹಾಕಿದರು. ಒಳಗೆ ಸಿಕ್ಕಿಕೊಂಡ ಗೆಳೆಯ, ತಾನಿನ್ನೂ ಬದುಕಿದ್ದೇನೆಂದು ತಿಳಿಸಲು ಹಾಡುತ್ತಿದ್ದನಂತೆ. ಬಹಳ ಹೊತ್ತು.

“ಆದರೆ ಹಡಗು ಉಳಿಯಿತಲ್ಲ? ಅಷ್ಟು ಜನ ಉಳಿದರಲ್ಲ?”

“ಉಳೀತು. ಯುದ್ಧ ಮುಗಿಸಿ ಬಂದರಿಗೂ ಬಂತು. ಮತ್ತೆ ಮುದಿಯಾಯ್ತು ಅಂತ ಒಡೆದು ಗುಜರಿಗೆ ಹಾಕಿದ್ರು. ನಿನ್ನ ವಾದ ಸರಿಯೇ ಉಂಟು ಮಾರಾಯ. ನೀನು ಆ ಹಾಡು ಕೇಳ್ಲಿಲ್ಲ, ಅಷ್ಟೆ.”

ಕಳೆದ ವಾರ ಎಗ್ಮೋರ್ ಹತ್ತಿರದ ಆಸ್ಪತ್ರೆಯಲ್ಲಿ ಮಾವನ ಹೃದಯದ ಆಪರೇಷನ್. ಈ ವಯಸ್ಸಿಗೆ ಅಪಾಯವಿದೆ ಎಂದು ವೈದ್ಯರು ಹೇಳಿದಾಗಿನಿಂದ ನಮಗೆ ಅನ್ನ ಇಳಿಯುತ್ತಿರಲಿಲ್ಲ, ಮಾವನದು ಒಂದೇ ಪ್ರಶ್ನೆ, “ಆ ಆಪರೇಷನ್ ಕೋಣೆಯ ಬಾಗಿಲಿಗೆ ಚಿಲಕ ಉಂಟಾ?”

“ಪೂಟ್ಟು ಇಲ್ಲೈ ತಾತಾ,” ಎಂದು ನಕ್ಕ ನರ್ಸ್, ಬಾಗಿಲನ್ನು ಒಂದೇ ಬೆರಳಲ್ಲಿ ತಳ್ಳಿ ತೋರಿಸಿದಳು.

“ಹಾಗಾದ್ರೆ ನಾನು ಹಾಡ್ತೇನೆ. ನೀನು ಹೊರಗೆ ಕೇಳ್ತಾ ಇರು,” ಎಂದರು ನನಗೆ.

“ಮತ್ತಿನ ಮದ್ದು ಕೊಟ್ಟ ಮೇಲೆ ಹಾಡು ನಿಂತೇ ನಿಲ್ಲುತ್ತೆ ಮಾವ. ಅದಕ್ಕೆ ಹೆದರೋದು ತರ್ಕಹೀನ.”

“ನೀನೆಂತಕ್ಕೆ ಹೆದರ್ತಿ? ದೊಡ್ಡ ವಾದಿಯಲ್ವಾ!”

ಬಾಗಿಲು ಮುಚ್ಚಿತು. ಒಳಗಿಂದ ಮಾವನ ಅಪಸ್ವರ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಾಲಿನ ನಡುವೆ ಹಾಡು ನಿಂತಿತು.

ಮತ್ತಿನ ಮದ್ದು, ಅಷ್ಟೆ. ನಾನೇ ಹೂಡಿದ ವಾದ; ಎಳ್ಳಷ್ಟೂ ದೋಷವಿಲ್ಲ.

“ಸಾರ್! ಸಾರ್! ಉಳ್ಳ ಪೋಗಾದೀಂಗ!” ಎಂದು ಕಾವಲಿನವನು ಓಡಿಬಂದು ರಟ್ಟೆ ಹಿಡಿದಾಗಲೇ ಗೊತ್ತಾದದ್ದು, ನಾನು ಬಾಗಿಲು ತಳ್ಳುತ್ತಿದ್ದೇನೆಂದು.