ಕಾಕಾನ ಬಚ್ಚಲದ ಫ್ಯಾನು

ನಮ್ಮ ಕಾಕಾನಷ್ಟು ಸಭ್ಯ ಮನುಷ್ಯ ಮೂಡಲಗಿಯಲ್ಲಿ ಮತ್ತೊಬ್ಬನಿರಲಿಲ್ಲ. ಆ ಸಭ್ಯತೆಗೆ ಸಿಕ್ಕು ನಮ್ಮ ಮನೆತನ ಒಮ್ಮೆ ಉಸಿರುಗಟ್ಟಿ ನಿರ್ವಂಶವಾಗುವುದರಲ್ಲಿತ್ತು!

ಊರಿಗೆ ಕರೆಂಟು ಬಂದ ಹೊಸದು. ಕಾಕಾನ ಹೆಂಡತಿ ಕಾಕೂಗೆ ದಮ್ಮು. ಹಂಡೆಯ ಕೆಳಗೆ ಕಬ್ಬಿನ ಒಣಗರಿಯ ರವದಿ ಉರಿಸಿದರೆ ಬಚ್ಚಲ ತುಂಬ ಹೊಗೆ. ಆಕೆಯ ಸ್ನಾನವೆಂದರೆ ಅರ್ಧ ನೀರು, ಅರ್ಧ ಕೆಮ್ಮು. ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಆಕೆ ಚಹಾ ಮುಟ್ಟುವವಳಲ್ಲ. ಕಾಕಾ ಗೋಕಾಕಕ್ಕೆ ಹೋಗಿ, ಹೊಗೆ ಹೊರಗೆಳೆಯುವ ಫ್ಯಾನೊಂದನ್ನು ಬಸ್ಸಿನಲ್ಲಿ ಮೊಮ್ಮಗನಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದ.

ಆದರೆ ಹೊಗೆ ಬಿಡುವುದೆಲ್ಲಿಗೆ? ಪೂರ್ವಕ್ಕೆ ಸೂರ್ಯ, ಬಚ್ಚಲದ ಹೊಗೆಯನ್ನು ಆತನ ಮುಖಕ್ಕೆ ಊದುವುದೇ? ದಕ್ಷಿಣಕ್ಕೆ ಸ್ವಾಮಿಗಳು ಮಠಕ್ಕೆ ಹೋಗುವ ದಾರಿ. ಉತ್ತರಕ್ಕೆ ಬೀಗರ ಮನೆ! ಪಶ್ಚಿಮಕ್ಕೆ ಗಂಗವ್ವನೆಂಬ ಒಬ್ಬಂಟಿ ಮುದುಕಿಯ ಹಿತ್ತಲು, ಕೇಳುವವರಿಲ್ಲವೆಂದು ಬಿಟ್ಟಂತಾಗುತ್ತದೆ. ಹೀಗೆ ನಾಲ್ಕೂ ದಿಕ್ಕುಗಳನ್ನು ಗೌರವಪೂರ್ವಕವಾಗಿ ಕೈಬಿಟ್ಟ ಕಾಕಾ, ತಗಡಿನ ಕೊಳವೆಯನ್ನು ತಿರುವಿ ನಮ್ಮದೇ ಅಟ್ಟಕ್ಕೆ ಸೇರಿಸಿದ. ಅಟ್ಟದ ತುಂಬ ವರ್ಷದ ಒಣಮೆಣಸಿನಕಾಯಿ.

ಫ್ಯಾನು ತಿರುಗಿತು. ಘಾಟು ನಡುಮನೆಗೆ ಇಳಿಯಿತು. ಒಬ್ಬಳು ಕೆಮ್ಮುತ್ತಿದ್ದ ಮನೆಯಲ್ಲಿ ಎಲ್ಲರೂ ಕೆಮ್ಮಿದೆವು; ಎಮ್ಮೆ ಸೀನಿತು.

"ರೀ, ಒಬ್ಬಾಕೀನ ಸಾಯಾಕತ್ತಿದ್ದೆ. ಈಗ ಎಲ್ಲಾರೂ ಜೋಡಿ ಸಿಕ್ಕರು ನೋಡ್ರಿ!" ಎಂದಳು ಕಾಕೂ.

ಗದ್ದಲ ಕೇಳಿ ಗಂಗವ್ವ ಬಂದಳು. "ಹೊಗಿ ನಮ್ಮ ಹಿತ್ತಲಕ್ಕ ಬಿಡೋ ತಮ್ಮಾ."

"ಛೇ ಛೇ! ನಿನಗ ತ್ರಾಸ ಆಗೂದಿಲ್ಲೇನಬೇ?" ಎಂದ ಕಾಕಾ.

"ದಿನಾ ಅಕಿ ಕೆಮ್ಮು ಗ್ವಾಡಿ ದಾಟಿ ಬರತೈತಲ್ಲ, ಅದಕ್ಕ ನನ್ನ ಕೇಳಿದ್ದೇನ? ಹೊಗೀಗಷ್ಟ ಭಾಳ ಮರ್ಯಾದಿ ನಿಂದು!"

ಸಂಜೆಯೊಳಗೆ ಕಾಕಾ ಕೊಳವೆ ಬಿಚ್ಚಿ ಪಶ್ಚಿಮದ ಗೋಡೆ ಕೊರೆದ.

ಮರುದಿನ ಕಾಕೂ ಸ್ನಾನಕ್ಕೆ ಹೋದಳು. ಕಾಕಾ ತನ್ನ ಸ್ನಾನ ಮುಗಿಸಿ ನಡುಮನೆಯಲ್ಲಿ ವಿಭೂತಿ ಧರಿಸುತ್ತಿದ್ದ. ಫ್ಯಾನು ಗುಂಯ್ ಎನ್ನುತ್ತಿತ್ತು. ಕೆಮ್ಮಿಲ್ಲ! ನಾವೆಲ್ಲ ಯುದ್ಧ ಗೆದ್ದವರಂತೆ ಮುಖ ಮುಖ ನೋಡಿಕೊಂಡೆವು. ಕಾಕಾನ ಕೈ ಮಾತ್ರ ಹಣೆಯ ಮೇಲೆಯೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತು ಕಿವಿಗೊಟ್ಟ. ಆಮೇಲೆ ಎದ್ದು ಓಡಿ, ಬಚ್ಚಲದ ಬಾಗಿಲು ದಬದಬ ಬಡಿದ.

"ಏನರೆ ಮಾತಾಡ ಲೇ! ಅದೀಯಿಲ್ಲೋ?"

ಒಳಗೆ ನೀರಿನ ಸಪ್ಪಳ ನಿಂತಿತು.

"ಅದೀನ್ರಿ," ಎಂದಳು ಕಾಕೂ, ಮೆಲ್ಲಗೆ. "ಆರಾಮ ಅದೀನಿ."

ಕಾಕಾ ಬಾಗಿಲಿಗೆ ಹಣೆ ಹಚ್ಚಿ ಅಲ್ಲಿಯೇ ನಿಂತ. ಹಸಿ ವಿಭೂತಿಯೆಲ್ಲ ಹಲಗೆಗೆ ಹತ್ತಿತು. ಆ ಬಿಳಿ ಗುರುತನ್ನು ಕಾಕೂ ಬಹಳ ದಿನ ಯಾರಿಗೂ ಒರೆಸಗೊಡಲಿಲ್ಲ.