ಹತ್ತು ರಾಸಾ, ಹತ್ತು!

ಗಾಡಿ ಕೊಳ್ಳುವ ಮುಂಚೆ ಇಂಜಿನ್ನಿನ ಶಕ್ತಿಯನ್ನು ವಿಚಾರಿಸುವವರು ಜಾಣರು. ಕೊಂಡ ಮೇಲೆ ವಿಚಾರಿಸುವವರು ನನ್ನಂಥವರು. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ನಾನು ದಿಂಡಿಗಲ್ಲಿನಲ್ಲಿ ಪುಟ್ಟ ಪೆಟ್ರೋಲ್ ಜೀಪೊಂದನ್ನು ಕೊಂಡಿದ್ದು ಬಣ್ಣ ನೋಡಿ. ದ್ರಾಕ್ಷಿ ಎಲೆಯ ಹಸಿರು! ಹತ್ತು ಜನ ಕೂರಬಹುದೆಂದು ಮಾರಿದವನು ಹೇಳಿದ. ಹತ್ತು ಜನ ಕೂತರೆ ಬೆಟ್ಟ ಹತ್ತುತ್ತದೆಯೇ ಎಂದು ನಾನು ಕೇಳಲಿಲ್ಲ. ನಮ್ಮೂರು ಕಾಮಯಗೌಂಡನ್‌ಪಟ್ಟಿಯ ತೋಟಗಳ ಮಣ್ಣುದಾರಿಯಲ್ಲಿ ಅದು ಮೇಕೆಮರಿಯ ಹಾಗೆ ನೆಗೆಯುತ್ತಿತ್ತು. ಅದನ್ನು ನೋಡಿ, "ಬೋಡಿಮೆಟ್ಟು ಘಟ್ಟವಾ? ಮೂರನೇ ಗೇರಲ್ಲೇ ಹೋಗ್ತದೆ" ಎಂದು ಮನೆಯಲ್ಲಿ ಕೊಚ್ಚಿಕೊಂಡೆ.

ಅಷ್ಟರಲ್ಲಿ ತಂಗಿ ಸೆಲ್ವಿಗೆ ಬೋಡಿಮೆಟ್ಟಿನ ಏಲಕ್ಕಿ ತೋಟದವರಿಂದ ಸಂಬಂಧ ಬಂತು. ಅವರೂ ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರು. ಹುಡುಗ ಸೆಲ್ವಿಗೆ ಬಹಳ ಹಿಡಿಸಿದ್ದ. ನಾವು ಹೋಗಿ ಮನೆ ನೋಡುವ ಶಾಸ್ತ್ರವೊಂದೇ ಬಾಕಿ. ಹುಡುಗನ ತಂದೆ ಮಹಾ ಕಟ್ಟುನಿಟ್ಟು. ರಾಹುಕಾಲಕ್ಕೆ ಮುಂಚೆ ಹೊಸಿಲು ದಾಟದಿದ್ದರೆ ಮಾತು ಮುರಿದ ಹಾಗೆಯೇ. "ಅಣ್ಣಾ, ಬಸ್ಸಲ್ಲೇ ಹೋಗ್ರಣ್ಣಾ" ಎಂದು ಸೆಲ್ವಿ ಕಣ್ಣು ತುಂಬಿಕೊಂಡು ಬೇಡಿದಳು. ನಾನು ಕೇಳುವವನೇ?

ಅಜ್ಜಿ, ಅಪ್ಪ, ಅಮ್ಮ, ನನ್ನ ಹೆಂಡತಿ, ಮಾಮಂದಿರು, ಅತ್ತೆಯಂದಿರು ಸೇರಿ ಹತ್ತು ಜನ ಹತ್ತಿದೆವು. ತಪ್ಪಲಿನ ಬೋಡಿ ಊರು ದಾಟಿದ್ದೇ ಮೂರನೇ ಗೇರು ಎರಡಾಯಿತು, ಎರಡು ಒಂದಾಯಿತು. ಒಂದಕ್ಕಿಂತ ಕೆಳಗೆ ಗೇರಿಲ್ಲವಾದ್ದರಿಂದ, ತುದಿಗೆ ಹತ್ತಿರದ ಕಡಿದಾದ ತಿರುವಿನಲ್ಲಿ ಜೀಪು ನಿಂತೇಬಿಟ್ಟಿತು. ಎಲ್ಲರೂ ಇಳಿದರು. ನಾನು ತಮಿಳಿನಲ್ಲಿ ಬಯ್ಯತೊಡಗಿದೆ.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಸಂತೆ, ಕಚೇರಿ, ಜಗಳ ಎಲ್ಲ ತಮಿಳಿನಲ್ಲಿ. ಎತ್ತಿನ ಜೊತೆ ಮಾತ್ರ ಅಪ್ಪಟ ಕನ್ನಡ. ಅಜ್ಜಿಗೆ ಸಿಟ್ಟು ಬಂತು. "ಯಾಕ್ಡಾ ವಂಡಿನ ತಮಿಳಲ್ಲಿ ಬಯ್ತೀಯ? ಅದೂ ನಮ್ಮನೆ ಎತ್ತು ತಾನೆ? ನಮ್ ಮಾತಲ್ಲಿ ಯೋಳು!"

"ಹತ್ತು ರಾಸಾ, ಹತ್ತು" ಎಂದು ಎತ್ತಿಗೆ ಹೇಳುವ ಹಾಗೆ ಹೇಳಿದೆ. ಹಗುರಾಗಿದ್ದ ಜೀಪು ಕದಲಿತು! ಖುಷಿ ತಡೆಯಲಾರದೆ ಕಿಟಕಿಯಿಂದ ತಲೆ ಹೊರಹಾಕಿ "ಹತ್ತು! ಹತ್ತು!" ಎಂದು ಕೂಗಿದೆ. ಹಿಂದೆ ನಡೆದು ಬರುತ್ತಿದ್ದ ಬಂಧುಗಳು ತಮ್ಮನ್ನೇ ಕರೆದೆನೆಂದು ಓಡಿ ಬಂದು ಹತ್ತಿಬಿಟ್ಟರು. ಜೀಪು ನಿಂತಿತು. ಇಳಿಸಿದೆ, ಕೂಗಿದೆ, ಮತ್ತೆ ಹತ್ತಿದರು. ಇನ್ನೊಂದು ಸಲ ಕೂಗಿದಾಗ ಎದುರಿನಿಂದ ಬರುತ್ತಿದ್ದ ಬಿಳಿ ಪಂಚೆಯ ಹಿರಿಯರೊಬ್ಬರೂ ಹತ್ತಿ ನನ್ನ ಪಕ್ಕ ಕೂತರು.

"ಅಯ್ಯೋ, ಸಂಬಂದಿ!" ಎಂದು ಹಿಂದಿನಿಂದ ಅಪ್ಪ ಕಿರುಚಿದರು. ನಾವು ಬರಲಿಲ್ಲವೆಂದು ಹುಡುಗನ ತಂದೆಯೇ ಹುಡುಕಿಕೊಂಡು ಬಂದಿದ್ದರು.

"ನನ್ನ 'ಹತ್ತು' ಅಂದೋರು ನಮ್ಮಪ್ಪ ಬಿಟ್ರೆ ನೀನೇ" ಎಂದು ಅವರು ನನ್ನನ್ನು ದುರುಗುಟ್ಟಿ ನೋಡಿದರು. ಸೆಲ್ವಿಯ ಮುಖ ಕಣ್ಣ ಮುಂದೆ ಬಂತು.

"ನಿಮ್ಗಲ್ಲ ಸಾಮಿ, ವಂಡಿಗೆ ಯೋಳಿದ್ದು!" ಎಂದರು ಅಜ್ಜಿ.

ಹೆಗಲ ಮೇಲಿನ ಟವೆಲು ಜಾರುವಷ್ಟು ನಕ್ಕು ಅವರು ಕೆಳಗಿಳಿದರು. "ವಂಡಿ ಜೊತೇನೂ ನಮ್ ಮಾತಾಡೋ ಮನೆ ಹೆಣ್ಣೇ ನಮ್ಗೆ ಬೇಕಪ್ಪಾ. ಇದೇ ನಮ್ ತೋಟದ ಎಲ್ಲೆ, ಹೊಸಿಲು ದಾಟಿದಂಗೇ" ಎಂದು ತಾವೇ ಜೀಪಿಗೆ ಕೈ ಹಚ್ಚಿ ನೂಕಿದರು.

ಮದುವೆಯ ನಂತರ ಎಲ್ಲರೂ ಪಳನಿ ಬೆಟ್ಟದ ದೇವಸ್ಥಾನಕ್ಕೆ ಹೋದೆವು. ಅರ್ಧ ಮೆಟ್ಟಿಲಿಗೇ ನಾನು ಏದುಸಿರು ಬಿಡುತ್ತಾ ಕೂತುಬಿಟ್ಟೆ. "ಹತ್ತು ರಾಸಾ, ಹತ್ತು" ಎಂದಳು ಹೆಂಡತಿ ಹಿಂದಿನಿಂದ. ಗಂಡನಿಗೇ ಏಕವಚನವೇ ಎಂದು ಗುರಾಯಿಸಿದೆ.

"ನಿಮ್ಗಲ್ಲ ಮಾಮ, ವಂಡಿಗೆ ಯೋಳಿದ್ದು" ಎಂದು ಅವಳು ನನ್ನ ಹೊಟ್ಟೆಯ ಕಡೆ ಕೈ ತೋರಿಸಿದಳು.