ಹಾರನ್ನಿಗೆ ಓಗೊಟ್ಟ ಟಗರಿನವರಿಗೆ ಟಪಾಲು ಸಂಜೀವಪ್ಪನ ಅಹವಾಲು

ಕಣೇಕಲ್ಲು ರಸ್ತೆಯಲ್ಲಿ ಹಗರಿ ಹೊಳೆಯ ಮರಳು ಹಾರಿ ಬಂದು ಬೀಳುವ ಜಾಗದ ಬಳಿ ಮೇಯುವ, ದೊಡ್ಡಬೀರಪ್ಪನವರ ಕುರಿಹಿಂಡಿನ ಯಜಮಾನರಾದ ಶ್ರೀ ಟಗರಿನವರ ದಿವ್ಯ ಕೊಂಬುಗಳಿಗೆ, ಕಣೇಕಲ್ಲಿನಿಂದ ರಾಯದುರ್ಗದ ರೈಲಿಗೆ ಟಪಾಲು ಮುಟ್ಟಿಸುವ ಬಸ್ಸಿನ ಮಾಲೀಕ ಸಂಜೀವಪ್ಪನು, ಸಾಕಷ್ಟು ದೂರದಲ್ಲೇ ನಿಂತು, ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಪರಿವಾರವೂ ಕ್ಷೇಮವೆಂದು ಬಲ್ಲೆ. ದಿನಾಲೂ ನನ್ನ ಬಸ್ಸಿಗೆ ಅಡ್ಡವಾಗಿಯೇ ನಿಂತಿರುತ್ತೀರಿ, ನೋಡದೆ ಏನು ಮಾಡಲಿ. ಈ ಪತ್ರವನ್ನು ಬಸ್ಸಿನ ಬೆನ್ನಿಗೆ, ತಮ್ಮ ಬಾಯಿಗೆ ಎಟುಕದ ಎತ್ತರದಲ್ಲಿ, ಬಹಿರಂಗವಾಗಿ ಅಂಟಿಸುವುದಕ್ಕೆ ಕಾರಣವಿದೆ. ಕಳೆದ ತಿಂಗಳು ದೊಡ್ಡಬೀರಪ್ಪನವರಿಗೆ ನಾನು ಕೊಟ್ಟ ನೋಟೀಸನ್ನು ತಾವು ಅವರ ಕೈಯಿಂದಲೇ ಕಿತ್ತು ತಿಂದಿರಿ. ತಿಂದ ಮೇಲೆ ಒಂದು ಉತ್ತರವನ್ನಾದರೂ ದಯಪಾಲಿಸಬಹುದಿತ್ತು.

ನನ್ನ ಸಂಕಟ ಇಷ್ಟೇ. ಆ ಮರಳಿನಲ್ಲಿ ಹೂತು, ರೈಲು ತಪ್ಪಿ, ಟಪಾಲು ಈಗಾಗಲೇ ಎರಡು ಸಲ ಹಿಂದುಳಿದಿದೆ. ಮತ್ತೊಂದು ಸಲ ಹಾಗಾದರೆ ಚೀಲವನ್ನು ತಿಪ್ಪಯ್ಯನ ಬಸ್ಸಿಗೆ ಒಪ್ಪಿಸುವುದಾಗಿ ಅಂಚೆ ಇನ್‌ಸ್ಪೆಕ್ಟರವರು ತಿಳಿಸಿದರು. ಆ ತಿಪ್ಪಯ್ಯನ ಬಸ್ಸಿನ ಬಾಗಿಲು ನಿಂತಿರುವುದೇ ಬಾವಿಯ ಹಗ್ಗದಿಂದ. ಸೀಮೆಯೆಲ್ಲ 'ಟಪಾಲು ಸಂಜೀವಪ್ಪ' ಎಂದು ಕರೆಯುವ ನಾನು ಬರಿಯ ಸಂಜೀವಪ್ಪನಾಗಿ ತಿರುಗಾಡಬೇಕೆಂದರೆ ಗಂಟಲಲ್ಲಿ ಮುದ್ದೆ ಇಳಿಯುವುದಿಲ್ಲ.

ಆದಕಾರಣ ಮದರಾಸಿನ ಅಂಗಡಿಯೊಂದರ ಸಚಿತ್ರ ಕ್ಯಾಟಲಾಗು ತರಿಸಿ, ಊಟ ಮರೆತು ಓದಿ, 'ಮರಳಿನ ಮಹಾರಾಜ' ಎಂಬ ದಪ್ಪ ಹಲ್ಲಿನ ಟೈರುಗಳನ್ನು ಆರಿಸಿದೆ. ಚಿತ್ರದಲ್ಲಿ ಒಂಟೆಯೊಂದು ಆ ಟೈರನ್ನು ಕಂಡು ನಾಚಿ ತಲೆ ತಗ್ಗಿಸಿತ್ತು. ನನ್ನ ಮನೆಯವಳು ಈರಕ್ಕ ಮಾತ್ರ, "ಒಂಟಿ ನಾಚಿಲ್ಲ ಬಿಡ್ರಿ, ಹೂತ ಗಾಲಿ ಎಲ್ಲೈತಿ ಅಂತ ನೋಡಕತ್ತೈತಿ" ಎಂದಳು. ಹೆಂಗಸರಿಗೆ ಮೋಟಾರಿನ ವಿಷಯ ತಿಳಿಯದೆಂದು ನಾನು ಅಂದೇ ದುಡ್ಡು ಕಳಿಸಿದೆ. ಟೈರುಗಳು ಬಂದವು, ಮರಳಿಗಿಳಿದ ಮೊದಲ ದಿನವೇ, ಬಾವಿ ತೋಡಲು ಗುತ್ತಿಗೆ ಹಿಡಿದವರಂತೆ, ನೀರು ಕಾಣುವ ತನಕ ಬಿಡುವುದಿಲ್ಲವೆಂದು ತೋಡತೊಡಗಿದವು.

ಅದೇ ಕ್ಯಾಟಲಾಗಿನಿಂದ, ದಾರಿ ಬಿಡಿಸುವುದರಲ್ಲಿ ಅದ್ವಿತೀಯವೆಂಬ ಮೂರು ಬಾಯಿಯ ಹಾರನ್ನನ್ನೂ ತರಿಸಿದ್ದೆ. ಹಳೆಯದನ್ನು ಜಂಬದಿಂದ ತಿಪ್ಪಯ್ಯನಿಗೆ ದಾನವಿತ್ತೆ, ಈಗ ಮರಳಿ ಕೇಳಲು ಮೋರೆಯಿಲ್ಲ. ದೊಡ್ಡಬೀರಪ್ಪನವರು ಜಾಲಿಕಾಯಿ ಉದುರಿಸಿ ತಮ್ಮನ್ನು ತಿನ್ನಲು ಕೂಗುವ ಕೂಗಿಗೂ ಈ ಹಾರನ್ನಿನ ದನಿಗೂ ಕೂದಲೆಳೆಯ ವ್ಯತ್ಯಾಸವಿಲ್ಲವೆಂದು ಕ್ಯಾಟಲಾಗಿನವರು ಎಲ್ಲಿಯೂ ಬರೆದಿರಲಿಲ್ಲ. ಒಂದು ಸಲ ಒತ್ತಿದರೆ ಸಾಕು, ತಾವು ಸಕುಟುಂಬರಾಗಿ ಓಡೋಡಿ ಬಂದು, ಜಾಲಿಕಾಯಿ ಕಾಣದೆ, ದೀಪದ ಗಾಜಿನಲ್ಲಿ ಕಂಡ ಇನ್ನೊಬ್ಬ ಟಗರನ್ನು ಗುದ್ದಿ ಗಾಜು ಪುಡಿ ಮಾಡುತ್ತೀರಿ. ದೊಡ್ಡಬೀರಪ್ಪನವರ ಬಳಿ ದೂರು ಒಯ್ದರೆ, "ಅದು ಕರೀತು, ಇವು ಬಂದ್ವು. ನೀವ ಕರದು ನೀವ ಬೈದ್ರ ಹೆಂಗ್ರೀ?" ಎಂದು ನನ್ನನ್ನೇ ಕೇಳಿದರು.

ಹೀಗಿರಲು ಮೊನ್ನೆ ಸೋಮವಾರ ಸಾಕ್ಷಾತ್ ಇನ್‌ಸ್ಪೆಕ್ಟರವರೇ ಮುಂದಿನ ಸೀಟಿನಲ್ಲಿ ಕುಳಿತಿರಲು, ಮಹಾರಾಜ ಟೈರುಗಳು ಹೊಟ್ಟೆಯ ತನಕ ಹೂತವು. ತಳ್ಳುವವರನ್ನು ಹೊಲದಿಂದ ಕರೆಯಲೆಂದು ಡ್ರೈವರ್ ಯರ್ರಿಸ್ವಾಮಿ ಹಾರನ್ನು ಒತ್ತಿದ; ಬಂದವರು ತಾವು. ನನ್ನ ಟಪಾಲಿನ ಕಥೆ ಮುಗಿಯಿತೆಂದು ನಾನು ಮರಳಿನಲ್ಲೇ ಕುಳಿತು, ನಾಚಿಕೆಯಿಲ್ಲದೆ ಅತ್ತೆ. ಆದರೆ ಜಾಲಿಕಾಯಿ ಮುಂದೆ ಎಲ್ಲೋ ಇರಬೇಕೆಂದು ತಾವು ರಸ್ತೆ ಹಿಡಿದು ನಡೆದಿರಿ, ಹಿಂಡೆಲ್ಲ ತಮ್ಮ ಹಿಂದೆ ನಡೆಯಿತು, ಅಷ್ಟೂ ಗೊರಸುಗಳು ತುಳಿದ ಮರಳು ಸಾರಿಸಿದ ಅಂಗಳದಂತೆ ಗಟ್ಟಿಯಾಯಿತು. ಪ್ರಯಾಣಿಕರು ಬಸ್ಸನ್ನು ಎತ್ತಿ ಆ ಜಾಡಿಗೆ ತಳ್ಳಿದರು, ತಮ್ಮ ಬಾಲದ ಹಿಂದೆಯೇ ಉರುಳಿಸಿಕೊಂಡು ಹೋಗಿ ರೈಲು ಹಿಡಿದೆವು.

ಇನ್‌ಸ್ಪೆಕ್ಟರವರ ಆರ್ಡರು ನಿನ್ನೆ ಬಂತು: ಮರಳು ದಾಟಲು ಮಾಲೀಕನು ಮಾಡಿಕೊಂಡಿರುವ ಏರ್ಪಾಡು ತೃಪ್ತಿಕರವಾಗಿದೆ, ಅದು ಇರುವ ತನಕ ಟಪಾಲು ಅವನಲ್ಲೇ ಇರಲಿ. ಏರ್ಪಾಡೆಂದರೆ ತಾವು. ಆ ಕ್ಯಾಟಲಾಗಿನ ಯಾವ ಪುಟದಲ್ಲೂ ತಮ್ಮ ಚಿತ್ರವಿಲ್ಲವೆಂಬುದು ಮದರಾಸಿನವರ ಅಜ್ಞಾನ.

ಆದ್ದರಿಂದ ತಾವು ಇನ್ನು ಮುಂದೆ ಬಸ್ಸಿನ ಬಿಡಿಭಾಗವೆಂಬ ಪದವಿಯನ್ನು ಸ್ವೀಕರಿಸಿ, ದಿನಾಲೂ ರೈಲಿನ ವೇಳೆಯರಿತು ದಯಮಾಡಿಸಬೇಕು. ದೀಪಕ್ಕೆ ಗುದ್ದುವ ಆಸೆಯನ್ನು ಭಾನುವಾರಕ್ಕೆ ಮುಂದೂಡಬೇಕು. ಜ್ವರ ಬಂದ ದಿನ ಮೊದಲೇ ಹೇಳಿ ಕಳಿಸಬೇಕು. ಜಾಲಿಕಾಯಿಯ ಮೂಟೆ ಬಸ್ಸಿನ ಮೇಲೇ ಇರುತ್ತದೆ.

ಇಂತು, ಗೊರಸಿನ ಜಾಡಿನಲ್ಲೇ ಬಾಳು ನಡೆಸುವ,
ತಮ್ಮ ವಿಶ್ವಾಸಿ,
(ಇನ್ನೂ) ಟಪಾಲು ಸಂಜೀವಪ್ಪ

ಮರೆತ ಮಾತು: ತಿಪ್ಪಯ್ಯನು ನಿನ್ನೆ ಜೇಬಿನ ತುಂಬ ಜಾಲಿಕಾಯಿ ತುಂಬಿಕೊಂಡು ತಮ್ಮನ್ನು ಕಂಡು ಹೋದನೆಂದು ಕೇಳಿದೆ. ಅವನ ಬಸ್ಸಿನ ಮುಂದೆ ನಡೆಯಲು ತಾವು ಮನಸ್ಸು ಮಾಡಿದರೆ ನನ್ನ ಅಡ್ಡಿಯೇನಿಲ್ಲ. ಈರಕ್ಕ ಮಸಾಲೆ ಅರೆಯುವುದರಲ್ಲಿ ಈ ಸೀಮೆಗೇ ಹೆಸರಾದವಳು. ಬೆಳಗಿನಿಂದ ಯಾಕೋ ಒರಳು ತೊಳೆದಿಟ್ಟುಕೊಂಡು ಕುಳಿತಿದ್ದಾಳೆ.